ಠಾಣೆಯ ಜೀಪಿಗೆ ವಯಸ್ಸೆಷ್ಟು?

ಮಳೆಗಾಲದ ಬೆಳಗ್ಗೆ ಠಾಣೆಯ ಎದುರು ನಾಲ್ಕೈದು ಮಂದಿ ಸೇರಿ ಜೀಪು ದೂಡುವ ದೃಶ್ಯವನ್ನು ನಮ್ಮ ತಲೆಮಾರಿನವರು ಮರೆತಿರಲಾರರು. ಇಬ್ಬರು ಪೇದೆಗಳು, ಪಕ್ಕದ ಹೊಟೇಲಿನ ಮಾಣಿ, ಶಾಲೆಗೆ ಹೊರಟ ನಾವು, ಜೊತೆಗೆ ದೂರು ಕೊಡಲೆಂದು ಬಂದು ಬೆಂಚಿನಲ್ಲಿ ಕಾದು ಕೂತಿದ್ದ ಒಬ್ಬ ಬಡಪಾಯಿ. ಎಂಜಿನ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ ಎಚ್ಚರಗೊಂಡಾಗ ನಮಗೆಲ್ಲ ಏನೋ ಸಾಧಿಸಿದ ಖುಷಿ. ದೂರು ತಂದವನೇ ಜೀಪು ದೂಡಬೇಕಾಗಿ ಬಂದದ್ದರಲ್ಲಿ ಆಗ ನಮಗೆ ಕಂಡದ್ದು ತಮಾಷೆ ಮಾತ್ರ. ಅದೇ ಜೀಪು ರಾತ್ರಿ ಎರಡು ಗಂಟೆಗೆ, ದೂಡಲು ಯಾರೂ ಇಲ್ಲದ ಹೊತ್ತಿನಲ್ಲಿ, ಎಲ್ಲೋ ಒಂದು ಮನೆಗೆ ಕಲ್ಲು ಬೀಳುತ್ತಿರುವಾಗ ಸ್ಟಾರ್ಟ್ ಆಗದಿದ್ದರೆ ಏನು ಗತಿ ಎಂಬ ಪ್ರಶ್ನೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಪೊಲೀಸರಿಗೆ ಹೊಸ ವಾಹನ ಬಂದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಸಾಲಾಗಿ ನಿಂತ ಬಿಳಿ ಗಾಡಿಗಳು, ಬಾನೆಟ್ಟಿನ ಮೇಲೆ ಹೂವಿನ ಹಾರ, ಹಸಿರು ನಿಶಾನೆ ಹಿಡಿದ ಸಚಿವರು. ಆದರೆ ಹಳೆಯ ವಾಹನ ಯಾವಾಗ ಹೋಗಬೇಕು, ಅದರ ಜಾಗಕ್ಕೆ ಮುಂದಿನದು ಯಾವಾಗ ಬರಬೇಕು ಎಂಬುದಕ್ಕೆ ಸಮಾರಂಭವೂ ಇಲ್ಲ, ಚರ್ಚೆಯೂ ಇಲ್ಲ. ಠಾಣೆಗೆ ಜೀಪು ಸಿಗುವುದು ಒಂದು ದಿನದ ಸುದ್ದಿ. ಅದು ಹತ್ತು ಹದಿನೈದು ವರ್ಷ ಸವೆಯುವುದು ಯಾರ ಸುದ್ದಿಯೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳನ್ನು ಮುಂದಿಟ್ಟುಕೊಂಡು ಈ ಸವೆತದ ಚರಿತ್ರೆಯನ್ನು ನಾವಿಲ್ಲಿ ಸ್ವಲ್ಪ ನೋಡಬೇಕೆಂದಿದ್ದೇವೆ.

ಸರಕಾರದ ಪಡೆ ಒಂದು ಜಾಗಕ್ಕೆ ತಲುಪಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಬಂಟ್ವಾಳಕ್ಕೆ ಹೊಸದೇನಲ್ಲ. 1837ರ ಎಪ್ರಿಲಿನಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಡು ಸುಳ್ಯ, ಪುತ್ತೂರು ದಾಟಿ ಬಂಟ್ವಾಳಕ್ಕೆ ಬಂದು, ಅಲ್ಲಿಂದ ಮಂಗಳೂರನ್ನು ಹಿಡಿಯಿತು. ಕಣ್ಣಾನೂರು ಕಡೆಯಿಂದ ಸಮುದ್ರ ಮಾರ್ಗವಾಗಿ ಪಡೆ ಬಂದು ಊರನ್ನು ಮತ್ತೆ ಕಂಪೆನಿ ಸರಕಾರದ ಕೈಗೆ ಕೊಡುವಷ್ಟರಲ್ಲಿ ಸುಮಾರು ಎರಡು ವಾರ ಕಳೆದಿತ್ತು. ಬಳಿಕ ಗಲ್ಲಿಗೇರಿದವರಲ್ಲಿ ಈಗಿನ ಬೆಳ್ತಂಗಡಿ ತಾಲೂಕಿನ ಬಂಗಾಡಿಯ ಲಕ್ಷ್ಮಪ್ಪ ಬಂಗರಸನೂ ಒಬ್ಬ. ಅಂದಿನ ಬಂಟ್ವಾಳ ಸಣ್ಣ ಊರಲ್ಲ. ಘಟ್ಟದ ಮೇಲಿನ ಕಾಫಿ, ಧಾನ್ಯ ಇಳಿದು ಬಂದು ನೇತ್ರಾವತಿಯಲ್ಲಿ ದೋಣಿ ಹತ್ತುತ್ತಿದ್ದ ಪೇಟೆ ಅದು. ಸರಕು ಎತ್ತಿನ ಮೇಲೆ ಬರುತ್ತಿತ್ತು, ದೋಣಿಯಲ್ಲಿ ಹೋಗುತ್ತಿತ್ತು. ಸರಕಾರಕ್ಕೂ ಅದಕ್ಕಿಂತ ವೇಗದ ದಾರಿ ಇರಲಿಲ್ಲ.

1859ರ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯ್ದೆಯ ಬಳಿಕ ದಕ್ಷಿಣ ಕನ್ನಡದಲ್ಲಿ ಸಮವಸ್ತ್ರದ ಪೊಲೀಸರು ಬಂದರು. ಬಂದರೂ ಪೇದೆಗೆ ಎರಡು ಕಾಲೇ ವಾಹನ. 'ಪೇದೆ' ಎಂಬ ಮಾತಿನ ಅರ್ಥವೇ ಕಾಲಾಳು ಅಲ್ಲವೇ? ಹಳ್ಳಿಯ ಸುದ್ದಿಯನ್ನು ಪಟೇಲರು ಉಗ್ರಾಣಿಯ ಕೈಯಲ್ಲಿ ಕಳಿಸಬೇಕು, ಅವನು ನಡೆದು ಬಂದು ಠಾಣೆಗೆ ಹೇಳಬೇಕು, ಠಾಣೆಯವರು ನಡೆದು ಹೋಗಬೇಕು. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ನಮ್ಮ ಹಿರಿಯರ ಬಾಯಿಯ ಸಿಪಿಸಿ, ಬಸ್ಸು ಓಡಿಸಲು ತೊಡಗಿತು. ಖಾಸಗಿ ಬಸ್ಸಿನ ಈ ನಾಡಿನಲ್ಲಿ ಬಹುಕಾಲ ಪೊಲೀಸರೂ ಬಸ್ಸಿನ ಪ್ರಯಾಣಿಕರೇ. ಕೈಕೋಳ ತೊಟ್ಟ ಕೈದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೋರ್ಟಿಗೆ ಹೋಗುವ ಪೇದೆಗಳನ್ನು ಬಸ್ಸಿನಲ್ಲಿ ಕಂಡ ನೆನಪು ಇಂದಿಗೂ ಅನೇಕರಿಗಿದೆ.

ಆದರೆ ಓಡುವ ಪ್ರಾಣಿ ಅಥವಾ ಗಾಡಿ ದಣಿಯುತ್ತದೆ, ಅದಕ್ಕೆ ಬದಲಿ ಮೊದಲೇ ಸಿದ್ಧವಿರಬೇಕು ಎಂಬ ತಿಳಿವಳಿಕೆ ಮೋಟಾರಿಗಿಂತ ಬಹಳ ಹಳೆಯದು. ಶೇರ್‌ಶಹನ ಕಾಲದ 1700 ಸರಾಯಿಗಳಲ್ಲಿ ಒಂದೊಂದರಲ್ಲೂ ಎರಡೆರಡು ಕುದುರೆ ಸುದ್ದಿ ಒಯ್ಯಲೆಂದೇ ಇದ್ದವು ಎಂದು ಚರಿತ್ರೆಕಾರರು ಬರೆದಿದ್ದಾರೆ, ಒಟ್ಟು 3400. ಅಕ್ಬರನ ಸೇನಾ ವ್ಯವಸ್ಥೆಯಲ್ಲಿ 'ದಹ್ ಬಿಸ್ತಿ' ಎಂಬ ನಿಯಮವಿತ್ತು: ಹತ್ತು ಸವಾರರಿಗೆ ಇಪ್ಪತ್ತು ಕುದುರೆ. ಕುದುರೆ ಬಳಲುತ್ತದೆ, ಕುಂಟುತ್ತದೆ, ಸಾಯುತ್ತದೆ; ಸವಾರ ಹಾಗೆಂದು ನೆಲಕ್ಕಿಳಿಯಬಾರದು. ಕುದುರೆಗಳಿಗೆ ಮುದ್ರೆ ಒತ್ತಿ ಲೆಕ್ಕ ಇಡುತ್ತಿದ್ದದ್ದು, ಒಳ್ಳೆಯ ಕುದುರೆ ತೋರಿಸಿ ಮುದಿ ಕುದುರೆ ಕಟ್ಟುವ ಮೋಸ ತಡೆಯಲಿಕ್ಕೆ. ಈ ಮೋಸ ಇಂದು ಇಲ್ಲವೆಂದು ಯಾರೂ ತಿಳಿಯಬೇಕಿಲ್ಲ. ದಾಖಲೆಯಲ್ಲಿ ಮಾತ್ರ ಓಡುವ ಸರಕಾರಿ ಗಾಡಿಗಳನ್ನು ನಾವು ಎಲ್ಲ ಇಲಾಖೆಗಳಲ್ಲೂ ಕಂಡಿದ್ದೇವೆ. ಇನ್ನೂ ಹಿಂದೆ ಹೋದರೆ, ಬೈತುಲ್ ಮಾಲಿನ ಒಂಟೆಗಳಿಗೆ ಬಿಸಿಲಿನಲ್ಲಿ ನಿಂತು ತಾವೇ ಔಷಧಿ ಹಚ್ಚಿದ ಖಲೀಫ ಉಮರ್(ರ)ರ ಕಥೆ ಓದುಗರಿಗೆ ಗೊತ್ತೇ ಇದೆ. ಇರಾಕಿನ ದಾರಿಯಲ್ಲಿ ಒಂದು ಹೇಸರಗತ್ತೆ ಎಡವಿದರೂ, ದಾರಿ ಸಮ ಮಾಡಲಿಲ್ಲವೇಕೆಂದು ತನ್ನನ್ನು ಕೇಳಲಾಗುವುದು ಎಂದು ಅಂಜಿದವರು ಅವರು. ಸಾರ್ವಜನಿಕ ಸೊತ್ತು ಅಮಾನತ್ತು ಎಂದರೆ ಅದನ್ನು ಕದಿಯದಿರುವುದಷ್ಟೇ ಅಲ್ಲ, ಕೆಲಸಕ್ಕೆ ಯೋಗ್ಯವಾಗಿ ಇಡುವುದೂ ಹೌದು.

ಮೋಟಾರು ಪೊಲೀಸರ ಕೈಗೆ ಮೊದಲು ಬಂದದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ, 1899ರಲ್ಲಿ ಎನ್ನುತ್ತಾರೆ. ಅದು ಪೆಟ್ರೋಲಿನದ್ದಲ್ಲ, ಬ್ಯಾಟರಿಯದ್ದು. ವೇಗ ಗಂಟೆಗೆ 16 ಮೈಲು. ಮರುವರ್ಷ ಅಗಸ್ಟಿನಲ್ಲಿ ಒಂದು ಮಗುವಿನ ಮೇಲಿನ ದೌರ್ಜನ್ಯದ ಆರೋಪ ಹೊತ್ತ ಕಪ್ಪು ಜನಾಂಗದವನೊಬ್ಬನನ್ನು ತಮಗೆ ಒಪ್ಪಿಸಬೇಕೆಂದು ಬಿಳಿಯರ ಗುಂಪು ನಗರದ ಕಟ್ಟಡಕ್ಕೆ ಮುತ್ತಿಗೆ ಹಾಕಿತು. ಗುಂಪು ಸೇರುವ ಮೊದಲೇ ಆತನನ್ನು ಬೇರೆ ನಗರಕ್ಕೆ ಸಾಗಿಸಿದ್ದರಿಂದ ಅವನ ಜೀವ ಉಳಿಯಿತು. ಸಿಟ್ಟಿಗೆದ್ದ ಗುಂಪು ಕಟ್ಟಡಕ್ಕೆ ಬೆಂಕಿಯಿಟ್ಟು, ಪೊಲೀಸರ ಆ ಹೊಸ ಗಾಡಿಯನ್ನು ಕಾಲುವೆಗೆ ದೂಡಿತು. ಲೋಕದ ಮೊದಲ ಪೊಲೀಸ್ ವಾಹನದ ಕಥೆಯಲ್ಲೇ ಎರಡೂ ಸಂಗತಿ ಇವೆ: ಹೊತ್ತಿಗೆ ಸರಿಯಾಗಿ ಹೊರಟ ಗಾಡಿಯೊಂದು ಒಂದು ಜೀವ ಉಳಿಸಿತು, ನಿಂತಲ್ಲೇ ನಿಂತ ಗಾಡಿ ಗುಂಪಿನ ಪಾಲಾಯಿತು.

ನಮ್ಮಲ್ಲಿ 'ಪೊಲೀಸ್ ವಾಹನ' ಎಂದರೆ ಜೀಪು. ಆ ಜೀಪಿನ ಹಿಂದಿನ ಕಂಪೆನಿಯ ಹುಟ್ಟು ಕೂಡ ಕುತೂಹಲದ್ದೇ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮೊಹಮ್ಮದ್. ಮಹೀಂದ್ರ ಸಹೋದರರ ಜೊತೆಗಾರರಾಗಿದ್ದ ಮಲಿಕ್ ಗುಲಾಂ ಮುಹಮ್ಮದ್ ವಿಭಜನೆಯ ಬಳಿಕ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಆದರು. 1948ರಲ್ಲಿ ಕಂಪೆನಿಯ ಹೆಸರು ಬದಲಾಯಿತು. ಅಮೆರಿಕದ ವಿಲ್ಲಿಸ್ ಜೀಪಿನ ಭಾಗಗಳನ್ನು ಮುಂಬಯಿಯಲ್ಲಿ ಜೋಡಿಸಲು ತೊಡಗಿದ ಈ ಕಂಪೆನಿಯ ಗಾಡಿಗಳು ಅರಣ್ಯ, ಕಂದಾಯ, ಪೊಲೀಸ್ ಹೀಗೆ ಎಲ್ಲ ಇಲಾಖೆಗಳ ಅಂಗಳಕ್ಕೂ ಬಂದವು. 2000ದಲ್ಲಿ ಬೊಲೆರೊ ಬಂದ ಮೇಲೂ ಜನರ ಬಾಯಲ್ಲಿ ಅದು 'ಪೊಲೀಸ್ ಜೀಪು'ವೇ.

ಇಷ್ಟು ಗಾಡಿಗಳಿಗೆ ಹಣ ಎಲ್ಲಿಂದ? ಬಹುಪಾಲು ರಾಜ್ಯದ ಬಜೆಟ್ಟಿನಿಂದ. ಜೊತೆಗೆ 1969-70ರಲ್ಲಿ ಕೇಂದ್ರ ಸರಕಾರ ಶುರುಮಾಡಿದ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆಯಿಂದ. ಇದರಲ್ಲಿ ಒಂದು ಸಿಕ್ಕು ಇದೆ. ಆಧುನೀಕರಣದ ವಾಹನವೆಂದರೆ ಇದ್ದದ್ದರ ಮೇಲೆ ಹೆಚ್ಚುವರಿಯಾಗಿ ಬರಬೇಕಾದದ್ದು. ಆದರೆ ಬಂದ ಹೊಸ ಗಾಡಿ ಗುಜರಿಗೆ ಹೋದ ಹಳೆಯದರ ಜಾಗ ತುಂಬಲಿಕ್ಕೇ ಖರ್ಚಾಗುತ್ತದೆ, ಆದ್ದರಿಂದ ಪಡೆಯ ಓಡಾಟದ ಶಕ್ತಿ ಹೆಚ್ಚಲೇ ಇಲ್ಲ ಎಂದು ಮಹಾಲೇಖಪಾಲರ ವರದಿಗಳು ಹಲವು ರಾಜ್ಯಗಳ ವಿಷಯದಲ್ಲಿ ಆಕ್ಷೇಪಿಸಿವೆ. ಬದಲಿಗೆಂದೇ ಪ್ರತಿ ವರ್ಷ ಹಣ ತೆಗೆದಿಡುವ ಅಭ್ಯಾಸ ಇಲ್ಲದಿದ್ದರೆ ಆಗುವುದೇ ಹೀಗೆ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಮನೆಯ ಮಾಡು ರಿಪೇರಿ ಮಾಡಿಸಿದಂತೆ.

ಹಾಗಾದರೆ ಒಂದು ವಾಹನ ಬದಲಿಸುವ ಸರಿಯಾದ ಹೊತ್ತು ಯಾವುದು? ಇದಕ್ಕೆ ದೊಡ್ಡ ವಿದ್ಯೆ ಬೇಡ. ನಮ್ಮ ಕರಾವಳಿಯ ಬಸ್ಸು ಮಾಲಕರಿಗೆ ಈ ಲೆಕ್ಕ ಬಾಯಿಪಾಠ. ಗಾಡಿಯ ಬೆಲೆಯನ್ನು ಓಡಿಸಿದ ವರ್ಷಗಳಿಗೆ ಹಂಚಿದರೆ ವರ್ಷ ಕಳೆದಂತೆ ಪ್ರತಿ ವರ್ಷದ ಪಾಲು ಇಳಿಯುತ್ತದೆ. ರಿಪೇರಿಯ ಖರ್ಚು ಮಾತ್ರ ವರ್ಷ ಕಳೆದಂತೆ ಏರುತ್ತದೆ. ಎರಡನ್ನೂ ಕೂಡಿಸಿದ ಮೊತ್ತ ಕೆಲವು ವರ್ಷ ಇಳಿಯುತ್ತಾ ಬಂದು, ಒಂದು ಕಡೆ ತಿರುಗಿ ಏರತೊಡಗುತ್ತದೆ. ಆ ತಿರುವೇ ಮಾರುವ ಹೊತ್ತು. ಅದಕ್ಕಿಂತ ಮೊದಲು ಮಾರಿದರೂ ನಷ್ಟ, ತಡ ಮಾಡಿದರೂ ನಷ್ಟ. ಬಸ್ಸು ಮಾಲಕ ಇನ್ನೊಂದನ್ನೂ ಲೆಕ್ಕ ಹಿಡಿಯುತ್ತಾನೆ: ಗ್ಯಾರೇಜಿನಲ್ಲಿ ನಿಂತ ದಿನದ ಕಲೆಕ್ಷನ್. ಠಾಣೆಯ ಜೀಪಿಗೆ ಕಲೆಕ್ಷನ್ ಇಲ್ಲ. ಆದ್ದರಿಂದ ಅದು ನಿಂತ ದಿನದ ನಷ್ಟ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಆ ನಷ್ಟ ಬರುವುದು ಕಾದು ಕೂತವರ ಲೆಕ್ಕಕ್ಕೆ.

ಎರಡನೆಯ ಲೆಕ್ಕ ಇನ್ನೂ ಸರಳ. ಒಂದು ವಿಭಾಗದಲ್ಲಿ 18 ವಾಹನಗಳಿವೆ, ಒಂದೊಂದು 9 ವರ್ಷ ಚೆನ್ನಾಗಿ ಓಡುತ್ತದೆ ಎಂದು ಇಟ್ಟುಕೊಳ್ಳೋಣ. ಪ್ರತಿ ವರ್ಷ ಎರಡನ್ನು ಬದಲಿಸುತ್ತಾ ಹೋದರೆ ಯಾವ ವರ್ಷವೂ ಹೊರೆಯಾಗುವುದಿಲ್ಲ, ಯಾವಾಗಲೂ ಅರ್ಧದಷ್ಟು ಗಾಡಿಗಳು ಹೊಸತಾಗಿಯೇ ಇರುತ್ತವೆ. ಅದೇ 18ನ್ನೂ ಒಂದೇ ವರ್ಷ ಹಾರ ಹಾಕಿ ತಂದರೆ? ಐದಾರು ವರ್ಷ ಎಲ್ಲರಿಗೂ ನೆಮ್ಮದಿ. ಬಳಿಕ ಎಲ್ಲವಕ್ಕೂ ಒಟ್ಟಿಗೆ ಮುದಿತನ. ಒಟ್ಟಿಗೆ ಕ್ಲಚ್ಚು ಹೋಗುತ್ತದೆ, ಒಟ್ಟಿಗೆ ಗ್ಯಾರೇಜಿನ ಸಾಲಿನಲ್ಲಿ ನಿಲ್ಲುತ್ತವೆ, ಒಟ್ಟಿಗೆ ಹಣ ಕೇಳುತ್ತವೆ. ಹಸಿರು ನಿಶಾನೆಯ ರಾಜಕೀಯಕ್ಕೆ ಇಷ್ಟವಾಗುವುದು ಈ ಎರಡನೆಯ ದಾರಿಯೇ. ವರ್ಷಕ್ಕೆ ಎರಡು ಜೀಪು ಬಂದರೆ ಯಾರು ಚಿತ್ರ ತೆಗೆಯುತ್ತಾರೆ?

ಇನ್ನು ದಾನದ ವಾಹನಗಳದ್ದು ಬೇರೆಯೇ ಕಥೆ. ಕಂಪೆನಿಗಳು, ಟ್ರಸ್ಟುಗಳು ಪೊಲೀಸರಿಗೆ ಗಾಡಿ, ಬ್ಯಾರಿಕೇಡು ಕೊಡುವುದು ನಾಡಿನ ಹಲವೆಡೆ ರೂಢಿಯಾಗಿದೆ. ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ದಾನದ ಗಾಡಿಗೆ ಬದಲಿ ಕೊಡುವವರು ಯಾರು? ಕೊಟ್ಟವರ ಮೇಲೆಯೇ ನಾಳೆ ದೂರು ಬಂದರೆ ಆ ಗಾಡಿಯಲ್ಲಿ ಕೂತು ತನಿಖೆಗೆ ಹೋಗುವುದು ಹೇಗೆ? ಜನರ ರಕ್ಷಣೆಯ ವಾಹನ ಜನರ ತೆರಿಗೆಯಿಂದಲೇ ಬರಬೇಕೆಂಬುದು ನಮ್ಮ ಅಭಿಪ್ರಾಯ.

ಈಗ ನಮ್ಮ ಮೂರು ಊರುಗಳ ವಿಷಯಕ್ಕೆ ಬರೋಣ. 2006ರ ಅಕ್ಟೋಬರಿನ ಮಂಗಳೂರು ಗಲಭೆ, 2008ರ ಸೆಪ್ಟೆಂಬರಿನ ಚರ್ಚ್ ದಾಳಿ, 2009ರ ಜನವರಿಯ ಪಬ್ ದಾಳಿ ಇವೆಲ್ಲ ಆದ ಮೇಲೆ 2010ರಲ್ಲಿ ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ಬಂತು. ಒಂದೇ ಜಿಲ್ಲಾ ಪೊಲೀಸ್ ಎರಡು ಮನೆಯಾಯಿತು. ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್ ದೂರದ ಮೂಡಬಿದಿರೆ 'ನಗರ'ದ ಪಾಲಿಗೆ ಹೋಯಿತು. ಅದಕ್ಕಿಂತ ಹತ್ತಿರವಿರುವ, ಸುಮಾರು 25 ಕಿಲೋಮೀಟರಿನ ಬಂಟ್ವಾಳ ಜಿಲ್ಲೆಯ ಪಾಲಿಗೇ ಉಳಿಯಿತು. ಅದರಾಚೆಯ ಬೆಳ್ತಂಗಡಿಯೂ ಜಿಲ್ಲೆಯದ್ದೇ. ಹೀಗೆ ಸಾವಿರ ಕಂಬದ ಬಸದಿಯ ಊರಿನ ಠಾಣೆಯ ಜೀಪು ನಗರದ ಜೀಪಾಯಿತು, ಹಗಲಿರುಳು ಹೆದ್ದಾರಿಯ ಗದ್ದಲದಲ್ಲಿರುವ ಬಿ.ಸಿ.ರೋಡಿನ ಜೀಪು ಗ್ರಾಮಾಂತರದ ಜೀಪಾಗಿಯೇ ಉಳಿಯಿತು.

ಕಾಗದದ ಮೇಲಿನ ಈ ಗೆರೆ ರಸ್ತೆಯ ಸವೆತಕ್ಕೆ ಗೊತ್ತಿಲ್ಲ. ಬೆಳ್ತಂಗಡಿಯ ಜೀಪು ಚಾರ್ಮಾಡಿಯ ತಿರುವುಗಳನ್ನು ಹತ್ತಬೇಕು, ದಿಡುಪೆ, ಕುತ್ಲೂರು ಕಡೆಯ ಕಾಡುದಾರಿ ಇಳಿಯಬೇಕು. ಅಲ್ಲಿ ಕಿಲೋಮೀಟರು ಕಡಿಮೆ, ಕ್ಲಚ್ಚು-ಬ್ರೇಕಿನ ಸವೆತ ಹೆಚ್ಚು. ಬಂಟ್ವಾಳದ ಜೀಪಿನದು ಬೇರೆ ರೀತಿಯ ಸವೆತ: ಬಂದೋಬಸ್ತಿಗೆಂದು ಕಲ್ಲಡ್ಕದಲ್ಲೋ ಪಾಣೆಮಂಗಳೂರಿನಲ್ಲೋ ಗಂಟೆಗಟ್ಟಲೆ ಎಂಜಿನ್ ಬಂದ್ ಮಾಡದೆ ನಿಂತಿರಬೇಕು. ಮೀಟರು ಒಂದು ಕಿಲೋಮೀಟರೂ ತೋರಿಸುವುದಿಲ್ಲ, ಎಂಜಿನ್ ಮಾತ್ರ ಸವೆಯುತ್ತಲೇ ಇರುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ತಳದ ತಗಡು ಬಯಲುಸೀಮೆಗಿಂತ ಬೇಗ ತುಕ್ಕು ಹಿಡಿಯುತ್ತದೆ. ಬೀದರಿನ ಜೀಪಿಗೂ ಬೆಳ್ತಂಗಡಿಯ ಜೀಪಿಗೂ ಒಂದೇ ವಯಸ್ಸಿನ ಮಿತಿ ಹಾಕಿದರೆ ಇಬ್ಬರಿಗೂ ಅನ್ಯಾಯ.

ಇದರ ಬೆಲೆ ಗೊತ್ತಾಗುವುದು ಕೆಟ್ಟ ದಿನಗಳಲ್ಲಿ. 2017ರ ಮೇ ಅಂತ್ಯದಲ್ಲಿ ಕಲ್ಲಡ್ಕದ ಗಲಭೆಯ ಬಳಿಕ ಬಂಟ್ವಾಳ ತಾಲೂಕಿನಲ್ಲಿ 144ನೇ ಸೆಕ್ಷನ್ ಬಂತು. ಜೂನ್‌ನಲ್ಲಿ ಒಂದು ಕೊಲೆ, ಜುಲೈಯಲ್ಲಿ ಇನ್ನೊಂದು. ಸತ್ತವರು ಎರಡೂ ಸಮುದಾಯದವರು. ನಿರ್ಬಂಧ ಮುಂದುವರಿಯಿತು, ಊರೆಲ್ಲ ಹೊರಗಿನಿಂದ ಬಂದ ಪೊಲೀಸರು. 2019ರ ಅಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ತಪ್ಪಲಿನ ಹಳ್ಳಿಗಳಿಗೆ ನೆರೆ ನುಗ್ಗಿ, ಗುಡ್ಡ ಕುಸಿದು ಚಾರ್ಮಾಡಿ ದಾರಿ ಮುಚ್ಚಿತು. 1923 ಮತ್ತು 1974ರ ನೆರೆಗಳನ್ನು ನೆನಪಿಟ್ಟಿರುವ ನೇತ್ರಾವತಿ ತೀರಕ್ಕೆ ಅದೂ ಒಂದು ದೊಡ್ಡ ನೆರೆ. 2025ರ ಮೇ ತಿಂಗಳಲ್ಲಿ ಬಜ್ಪೆಯ ಬಳಿ ಒಂದು ಕೊಲೆ, ಅದೇ ತಿಂಗಳು ಬಂಟ್ವಾಳ ತಾಲೂಕಿನ ಕೊಳತ್ತಮಜಲಿನಲ್ಲಿ ಮತ್ತೊಂದು. ಜೂನ್‌ನಲ್ಲಿ ಕೋಮು ಹಿಂಸೆ ತಡೆಯಲೆಂದೇ ಸರಕಾರ ವಿಶೇಷ ಕಾರ್ಯಪಡೆ ಕಟ್ಟಿತು. ಇಂಥ ಹೊತ್ತಿನಲ್ಲಿ ಬೇರೆ ಜಿಲ್ಲೆಗಳಿಂದ ವ್ಯಾನುಗಳು ಬಂದು ಸಾಲಾಗಿ ನಿಲ್ಲುತ್ತವೆ. ಆದರೆ ಮೊದಲ ಅರ್ಧ ಗಂಟೆ, ಗುಂಪು ಸೇರುತ್ತಿರುವ ಆ ಅರ್ಧ ಗಂಟೆ, ಸ್ಥಳೀಯ ಠಾಣೆಯ ಅದೇ ಹಳೆಯ ಜೀಪಿನದ್ದು.

ಜೀಪು ಹೊಸದಾದರೆ ನ್ಯಾಯ ತಾನಾಗಿ ಬರುತ್ತದೆಂದು ನಾವು ಹೇಳುತ್ತಿಲ್ಲ. ಹೊತ್ತಿಗೆ ಬಂದ ಜೀಪು ಯಾರ ಮನೆಯ ಎದುರು ನಿಲ್ಲುತ್ತದೆ, ಯಾರನ್ನು ಎತ್ತಿ ಹಾಕಿಕೊಳ್ಳುತ್ತದೆ ಎಂಬುದು ಅದರೊಳಗೆ ಕೂತವರ ಮನಸ್ಸಿಗೆ ಬಿಟ್ಟದ್ದು. ಈ ಬಗ್ಗೆ ನಮ್ಮ ಸಮುದಾಯಕ್ಕೆ ಕಹಿ ಅನುಭವಗಳಿಲ್ಲದೆ ಇಲ್ಲ. ಆದರೂ ಬಾರದ ಜೀಪಿನಿಂದ ಹೆಚ್ಚು ನಷ್ಟ ಯಾವಾಗಲೂ ದುರ್ಬಲರಿಗೇ. ಬಲವಿದ್ದವನಿಗೆ ಕಾಯಲು ಬೇರೆ ಜನ ಇದ್ದಾರೆ. ಜೊತೆಗೆ ವಾಹನದ ಸ್ಥಿತಿಗತಿ ಒಳಗೆ ಕೂರಿಸಲ್ಪಟ್ಟವನ ಹಕ್ಕೂ ಹೌದು. 1921ರ ನವೆಂಬರಿನಲ್ಲಿ ತಿರೂರಿನಿಂದ ಮಾಪಿಳ್ಳ ಕೈದಿಗಳನ್ನು ಗೂಡ್ಸ್ ವ್ಯಾಗನ್ನಿನಲ್ಲಿ ತುಂಬಿ ಸಾಗಿಸಿದಾಗ ಪೋತನೂರಿನಲ್ಲಿ ಬಾಗಿಲು ತೆರೆದರೆ ಉಸಿರುಗಟ್ಟಿದ ಹೆಣಗಳು. ಸತ್ತವರು ಸುಮಾರು 70. ಗಾಳಿಯಾಡುವ ಜಾಲರಿ ಬಣ್ಣ, ಧೂಳಿನಿಂದ ಮುಚ್ಚಿಹೋಗಿತ್ತು ಎಂಬುದು ತನಿಖೆಯಲ್ಲಿ ಕಂಡ ಸಂಗತಿಗಳಲ್ಲೊಂದು. ಯಾವ ಗಾಡಿಯಲ್ಲಿ ಮನುಷ್ಯರನ್ನು ಸಾಗಿಸಬಹುದು ಎಂಬುದನ್ನು ಯಾರೂ ನೋಡಿರಲಿಲ್ಲ.

ಹಳೆಯ ಜೀಪು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನೂ ಹೇಳಬೇಕು. ಠಾಣೆಯ ಅಂಗಳದಲ್ಲಿ ಬಳ್ಳಿ ಹಬ್ಬಿ ನಿಂತ ಗಾಡಿಗಳೆಲ್ಲ ಪೊಲೀಸರದ್ದಲ್ಲ. ಹೆಚ್ಚಿನವು ಪ್ರಕರಣಗಳಲ್ಲಿ ಜಪ್ತಿಯಾದವು. ಅವನ್ನು ವರ್ಷಗಟ್ಟಲೆ ಕೊಳೆಯಲು ಬಿಡಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಇಲಾಖೆಯ ಸ್ವಂತ ಗಾಡಿಯಾದರೆ, ಅದು ಕೆಲಸಕ್ಕೆ ಬಾರದೆಂದು ಸಮಿತಿ ಬರೆದ ಮೇಲೆ ಹರಾಜು. ಹರಾಜಿನಲ್ಲಿ ಗುಜರಿಯವರು ಇರುತ್ತಿದ್ದರು. ಆ ವ್ಯಾಪಾರದಲ್ಲಿ ನಮ್ಮ ಬ್ಯಾರಿಗಳು ಬಹಳ ಮಂದಿ. ಎಂಜಿನ್ ಗಟ್ಟಿಯಿದ್ದರೆ ಅಂಥ ಜೀಪಿಗೆ ಎರಡನೆಯ ಬದುಕೂ ಇತ್ತು: ಬಣ್ಣ ಬದಲಿಸಿ, ತೋಟದ ಕೆಲಸಕ್ಕೋ ಬಸ್ಸು ಹೋಗದ ಹಳ್ಳಿಯ ಸರ್ವಿಸಿಗೋ.

ಆ ಎರಡನೆಯ ಬದುಕು ಈಗ ಮುಗಿದಿದೆ. 2023ರ ಎಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರದ ನಿಯಮದಂತೆ ಸರಕಾರಿ ವಾಹನಕ್ಕೆ 15 ವರ್ಷ ತುಂಬಿದರೆ ನೋಂದಣಿ ಮುಗಿಯಿತು. ಅದು ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಿ ಚೂರಾಗಬೇಕು. ಕಾನೂನು ಸುವ್ಯವಸ್ಥೆಗೆ, ಆಂತರಿಕ ಭದ್ರತೆಗೆ ಬಳಸುವ ಶಸ್ತ್ರಸಜ್ಜಿತ ಮತ್ತಿತರ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಸಾಮಾನ್ಯ ಗಸ್ತಿನ ಜೀಪನ್ನು ವಿಶೇಷ ವಾಹನ ಎನ್ನುವುದು ಕಷ್ಟ. ಈ ನಿಯಮದಿಂದ ಒಂದು ಒಳಿತಾಯಿತು: ಮುದಿ ಗಾಡಿಯನ್ನು ಕಣ್ಣುಮುಚ್ಚಿ ಎಳೆಯುವಂತಿಲ್ಲ. ಒಂದು ಅಪಾಯವೂ ಇದೆ. 15 ಎಂಬುದು ಕೊನೆಯ ಗಡುವು, ಬದಲಿಸುವ ಸರಿಯಾದ ಹೊತ್ತಲ್ಲ. ಗಡುವನ್ನೇ ವೇಳಾಪಟ್ಟಿ ಎಂದು ತಿಳಿದರೆ 14ನೆಯ ವರ್ಷದವರೆಗೆ ಯಾರೂ ಏನೂ ಮಾಡುವುದಿಲ್ಲ. ಕಮಿಷನರೇಟ್ ಹುಟ್ಟಿದ 2010ರಲ್ಲಿ ನೋಂದಣಿಯಾದ ಯಾವುದೇ ಸರಕಾರಿ ಗಾಡಿಗೆ 2025ರಲ್ಲಿ 15 ತುಂಬಿತು. ಒಂದೇ ವರ್ಷ ಬಂದವು ಒಂದೇ ವರ್ಷ ಹೋಗುತ್ತವೆ. ಅವುಗಳ ಬದಲಿಯೂ ಒಂದೇ ಕಂತಿನಲ್ಲಿ ಬಂದರೆ 2040ರಲ್ಲಿ ಮತ್ತೆ ಇದೇ ಪಾಡು.

ಠಾಣಾಧಿಕಾರಿಯ ಕೈಯಲ್ಲಿ ಇದಕ್ಕೆ ಬಜೆಟ್ಟಿಲ್ಲ. ಬಂಟ್ವಾಳ, ಬೆಳ್ತಂಗಡಿಯ ಪಟ್ಟಿ ಎಸ್ಪಿ ಕಚೇರಿಯಲ್ಲಿ, ಮೂಡಬಿದಿರೆಯದು ಕಮಿಷನರ್ ಕಚೇರಿಯಲ್ಲಿ, ಹಣದ ತೀರ್ಮಾನ ಬೆಂಗಳೂರಿನಲ್ಲಿ. ನಮ್ಮ ಶಾಸಕರು ವಿಧಾನಸಭೆಯಲ್ಲಿ ಹೊಸ ಠಾಣೆ ಕೇಳುತ್ತಾರೆ, ಹೊರಠಾಣೆ ಕೇಳುತ್ತಾರೆ. ಇರುವ ಠಾಣೆಯ ಗಾಡಿಯ ವಯಸ್ಸು ಕೇಳಿದವರು ಅಪರೂಪ. ಕೇಳಬೇಕಾದದ್ದು ಮೂರೇ ಅಂಕಿ: ನಮ್ಮ ಠಾಣೆಯ ವಾಹನ ಯಾವ ವರ್ಷದ್ದು, ಎಷ್ಟು ಓಡಿದೆ, ಕಳೆದ ವರ್ಷ ಎಷ್ಟು ದಿನ ಗ್ಯಾರೇಜಿನಲ್ಲಿತ್ತು. ಇದರಲ್ಲಿ ಗುಟ್ಟೇನೂ ಇಲ್ಲ. ಶಾಸಕರು ಕೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಓದುಗರೇ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ.